ಅಚ್ಚು ಕಟ್ಟದ ಎಂಟು ದಿನ

ಸಂಕ್ರಾಂತಿ ಯಾವತ್ತು ಎಂದು ಕ್ಯಾಲೆಂಡರ್ ನೋಡಿ ಹೇಳುವವರು ಯಾರಾದರೂ ನಮ್ಮೂರಿನಲ್ಲಿ ಸಿಕ್ಕಿದರೆ, ಅವರು ಪರವೂರಿನವರು ಎಂದು ತಿಳಿದುಕೊಳ್ಳಿ. ನಮ್ಮಲ್ಲಿ ಸಂಕ್ರಾಂತಿ ಒಂದೊಂದು ಮನೆಗೆ ಒಂದೊಂದು ದಿನ ಬರುತ್ತದೆ. ಮನೆಯಲ್ಲಿ ಹಾಲುಹಲ್ಲು ಬೀಳದ ಮಕ್ಕಳ ಪೈಕಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದು ಒಂದು ದಿನ ತಾನಾಗಿ, ಯಾರೂ ಹೇಳಿಕೊಡದೆ, "ಇವತ್ತು ಹಬ್ಬ" ಅನ್ನಬೇಕು. ಅಂದಿತೋ, ಆ ಮನೆಗೆ ಹಬ್ಬ ಬಂತು. ಅನ್ನಲಿಲ್ಲವೋ, ನೀವು ತಿಪ್ಪರಲಾಗ ಹಾಕಿದರೂ ಆ ಮನೆಯಲ್ಲಿ ಸಕ್ಕರೆ ಅಚ್ಚು ಕಟ್ಟುವುದಿಲ್ಲ. ಪಾಕ ಎಷ್ಟೇ ಹದವಾಗಿ ಬಂದಿರಲಿ, ಮರದ ಅಚ್ಚಿಗೆ ಹೊಯ್ದು ಸಂಜೆಯ ತನಕ ಕಾಯಿರಿ, ಗಿಳಿಯೂ ಇಲ್ಲ, ಗೋಪುರವೂ ಇಲ್ಲ. ಬಿಚ್ಚಿದರೆ ಪಾಯಸದ ಹಾಗೆ ಮುಂಗೈ ಮೇಲೆ ಇಳಿಯುತ್ತದೆ. ಇದು ಹೀಗೇಕೆ ಎಂದು ಕೇಳಬೇಡಿ. ಚಿಕ್ಕವಳಿದ್ದಾಗ ನಾನೂ ನಮ್ಮಜ್ಜಿಯನ್ನು ಕೇಳಿದ್ದೆ. "ಹೆಚ್ಚಿಗೆ ಮಾತಾಡ್ದೆ ಕೊಬ್ರಿ ಹೆಚ್ಚು" ಅಂದಿದ್ದಳು.

ಹೀಗಿರುವುದರಿಂದ ನಮಗೇನೂ ತೊಂದರೆಯಿಲ್ಲ. ಒಂದೇ ಬೀದಿಯಲ್ಲಿ ಎಡಗಡೆಯ ಮನೆಯವರು ರೇಷ್ಮೆ ಸೀರೆ ಉಟ್ಟು ಎಳ್ಳು ಬೀರಲು ಹೊರಟಿದ್ದರೆ, ಬಲಗಡೆಯ ಮನೆಯವರು ಸೆರಗು ಸಿಕ್ಕಿಸಿಕೊಂಡು ಹಿತ್ತಲು ತೊಳೆಯುತ್ತಿರುತ್ತಾರೆ. ಕಬ್ಬು ಮಾರುವವನು ಮೂರು ವಾರ ಜಾಗ ಬಿಟ್ಟು ಕದಲುವುದಿಲ್ಲ. ಶಾಲೆಯಲ್ಲಿ "ನಮ್ಮನೆಗೆ ಬಂತು ಮೇಷ್ಟ್ರೇ" ಅಂದರೆ ಸಾಕು, ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಒಂದು ಕಬ್ಬಿನ ಚಿತ್ರ ಬರೆದು ಮನೆಗೆ ಕಳಿಸುತ್ತಾರೆ. ಕಟ್ಟುಪಾಡುಗಳಲ್ಲಿ ಮುಖ್ಯವಾದದ್ದು ಒಂದು. ಅವರೆಕಾಯಿ ಸೊಗಡು ಸಂತೆಗೆ ಬಂದ ದಿನದಿಂದ ದೊಡ್ಡವರು ಯಾರೂ ಮಕ್ಕಳ ಎದುರಿಗೆ ಹಬ್ಬ ಅನ್ನುವ ಪದ ಬಾಯಲ್ಲಿ ಆಡಕೂಡದು. ಮಗು ನಮ್ಮಿಂದ ಕೇಳಿ ಗಿಳಿಪಾಠ ಒಪ್ಪಿಸಿದರೆ ಅದು ಲೆಕ್ಕಕ್ಕಿಲ್ಲ, ಸಕ್ಕರೆಗೆ ಅದು ಗೊತ್ತಾಗಿಬಿಡುತ್ತದೆ. ಅದಕ್ಕೇ ನಾವು "ಅದು" ಅನ್ನುತ್ತೇವೆ. "ನಿಮ್ಮನೆಗೆ ಅದು ಬಂತಾ?" "ಇನ್ನೂ ಇಲ್ಲ ಕಣ್ರೀ, ನಮ್ಮದು ಬಾಯೇ ಬಿಡ್ತಿಲ್ಲ."

ನನಗೂ ನನ್ನ ಯಜಮಾನರಿಗೂ ಮಕ್ಕಳಿಲ್ಲ. ಅಂಥ ಮನೆಯವರು ಪಕ್ಕದ ಮನೆಯ ಮಗುವಿಗೆ ಜೊತೆಯಾಗುವುದು ಪದ್ಧತಿ, ಆ ಮಗು ಹೇಳಿದ ದಿನವೇ ಇವರಿಗೂ ಹಬ್ಬ. ನಾವು ವಾರಿಜಾಳ ಮನೆಗೆ ಜೊತೆ. ಗೋಡೆಗೆ ಗೋಡೆ ತಾಗಿದ ಮನೆ, ಅವರ ಒಗ್ಗರಣೆ ನಮಗೆ ಸೀನು ಬರಿಸುತ್ತದೆ. ಮೊದಲು ಅವಳ ದೊಡ್ಡ ಮಗಳು ತುಳಸಿ ಹೇಳುತ್ತಿದ್ದಳು. ಪಾಪ, ಒಳ್ಳೆ ಹುಡುಗಿ, ಪ್ರತಿ ವರ್ಷವೂ ಮೊದಲ ವಾರದಲ್ಲೇ ಹೇಳಿ ಮುಗಿಸುತ್ತಿದ್ದಳು. ಮುಂದಿನ ಹಲ್ಲು ಬಿದ್ದ ಮೇಲೆ ಅವಳ ಅಧಿಕಾರ ಹೋಗಿ ತಂಗಿ ಕುಮುದಳಿಗೆ ಬಂತು. ಕುಮುದಾ ಅನ್ನುವುದು ಪಾತ್ರೆಯ ಮೇಲೆ ಕೆತ್ತಿಸುವುದಕ್ಕೆ ಇಟ್ಟ ಹೆಸರು. ಎಲ್ಲರ ಬಾಯಲ್ಲೂ ಕುಮ್ಮಿ. ಈ ಕುಮ್ಮಿ ಮೊದಲನೆಯ ವರ್ಷ ಮಾತೇ ಬಾರದೆ ನಮ್ಮನ್ನು ಮಾವಿನಕಾಯಿ ಬರುವ ತನಕ ಕಾಯಿಸಿದಳು. ಆ ಸಲ ಬೆವರು ಒರೆಸಿಕೊಳ್ಳುತ್ತ ಎಳ್ಳು ಬೀರಿದೆವು. ಎರಡನೆಯ ವರ್ಷ ಅವಳಪ್ಪ ರಜೆ ಮುಗಿಸಿ ಹೊರಟುಹೋದ ಮೂರನೆಯ ದಿನ, ಬಚ್ಚಲಲ್ಲಿ ಸೋಪಿನ ನೊರೆಯ ನಡುವೆ ನಿಂತುಕೊಂಡು ಹೇಳಿದಳು. ಅವಳ ಅಮ್ಮ ಮೈಗೆ ನೀರು ಹುಯ್ಯುವುದನ್ನೂ ಮರೆತು ಅಲ್ಲೇ ಕೂತುಬಿಟ್ಟಿದ್ದಳು.

ಏಕೆಂದರೆ ವಾರಿಜಾಳ ಗಂಡ ಶ್ರೀಕಂಠನಿಗೆ ಕೆಲಸ ಎಲ್ಲೋ ದೂರದ ಅಣೆಕಟ್ಟಿನಲ್ಲಿ. ಗೇಟು ಎತ್ತುವುದು, ಇಳಿಸುವುದು. ಬಸ್ಸಿನಲ್ಲಿ ಒಂದೂವರೆ ದಿನದ ಹಾದಿ. ಈ ಕಾಲದಲ್ಲಿ ಎಂಟು ದಿನ ರಜೆ ಸಿಗುತ್ತದೆ, ಆಮೇಲೆ ನಾಲೆಗೆ ನೀರು ಬಿಡುವ ಕೆಲಸ, ಅವನಿಲ್ಲದೆ ಆಗುವುದಿಲ್ಲ. ಕಳೆದೆರಡು ವರ್ಷ ಅವನು ಬಂದ, ಎಂಟು ದಿನ ಬಾಗಿಲು ಕಾದ, ಹೋದ. ಹಬ್ಬ ಬಂದದ್ದು ಅವನ ಬೆನ್ನ ಹಿಂದೆ.

"ಈ ಸಲ ಅವ್ರು ಇರೋವಾಗ್ಲೇ ಬರ್ಬೇಕು ಅಕ್ಕಾ," ಎಂದು ವಾರಿಜಾ ಅವರೆಕಾಯಿ ಸುಲಿಯುತ್ತ ನನ್ನ ಹತ್ತಿರ ಹೇಳಿದಳು. "ಎರಡು ವರ್ಷದಿಂದ ಆ ಮನುಷ್ಯ ನಮ್ಮನೆ ಎಳ್ಳು ತಿಂದಿರೋದು ಪಾರ್ಸಲ್ಲಲ್ಲಿ. ಅಚ್ಚೆಲ್ಲ ಪುಡಿಯಾಗಿ ಸಿಕ್ತು, ಕಾಫಿಗೆ ಹಾಕ್ಕೊಂಡೆ ಅಂತ ಬರೀತಾರೆ. ಮಕ್ಕಳಿಗೆ ಎಲಚಿಹಣ್ಣು ಎರೆಯೋವಾಗ ಒಂದು ಸಲನಾದ್ರೂ ಅಪ್ಪನ ತೊಡೆ ಮೇಲೆ ಕೂರಿಸ್ಬೇಡ್ವಾ?" ಇನ್ನೆರಡು ಮೂರು ವರ್ಷದಲ್ಲಿ ಕುಮ್ಮಿಯ ಹಲ್ಲೂ ಅಲುಗಾಡಲು ಶುರುವಾಗುತ್ತದೆ, ಆಮೇಲೆ ಈ ಮನೆಗೆ ಹೇಳುವವರು ಯಾರು ಎಂಬುದೂ ಅವಳ ತಲೆಯಲ್ಲಿತ್ತು. "ನಾನು ಇನ್ನೊಂದು ಹೆರೋದಿಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ" ಎಂದು ಅವರೆಕಾಯಿಯ ಮೇಲೆ ಸಿಟ್ಟು ತೀರಿಸಿಕೊಂಡಳು.

ಶ್ರೀಕಂಠ ಬಂದ. ಬಂದ ದಿನವೇ ಎಡವಟ್ಟು ಮಾಡಿದ. ವರ್ಷವಿಡೀ ಪರವೂರಿನವರ ಜೊತೆ ಇದ್ದವನು ನೋಡಿ, ನಾಲಿಗೆಯ ಮೇಲಿನ ಕಟ್ಟು ಸಡಿಲವಾಗಿತ್ತು. ಮಧ್ಯಾಹ್ನ ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದರು, ನಾನು ಹುಳಿ ಕೊಡಲು ಹೋಗಿದ್ದೆ. ಅವನ ತಾಯಿ ಗಿರಿಯಮ್ಮ ತುಪ್ಪ ಬಡಿಸುತ್ತ, "ಎಷ್ಟು ದಿನ ಇರ್ತೀಯೋ ಈ ಸಲ?" ಎಂದು ಕೇಳಿದರು. ಅವನು ಅನ್ನ ಕಲಸುತ್ತ, ಲೋಕದ ಪರಿವೆಯೇ ಇಲ್ಲದೆ, "ಹಬ್ಬ ಮುಗಿಸ್ಕೊಂಡು ಹೋಗ್ತೀನಮ್ಮ" ಎಂದುಬಿಟ್ಟ.

ಗಿರಿಯಮ್ಮ ತುಪ್ಪದ ಕೈಯಲ್ಲೇ ಮಗನ ಬಾಯಿ ಮುಚ್ಚಿದರು. ವಾರಿಜಾ "ಅಯ್ಯೋ ರೀ!" ಎಂದು ಹಣೆ ಚಚ್ಚಿಕೊಂಡಳು. ತುಳಸಿ, ಅನುಭವಸ್ಥೆ, "ಅಪ್ಪಾ, ಏನಪ್ಪಾ ನೀನು" ಎಂದು ತಲೆಯಾಡಿಸಿದಳು. ಕುಮ್ಮಿ ಮಾತ್ರ ತಟ್ಟೆಯಿಂದ ಕಣ್ಣೆತ್ತಿ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಮೊಸರನ್ನಕ್ಕೆ ಕೈಹಾಕಿದಳು. ಅವಳ ಕಿವಿಗೆ ಬಿತ್ತೋ ಇಲ್ಲವೋ ಎಂದು ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಬಿದ್ದಿದ್ದರೆ ಪದ ಮೈಲಿಗೆಯಾಯಿತು ಎಂದೇ ಅರ್ಥ. ಇನ್ನು ಆ ಪದ ಮಗುವಿನ ತಲೆಯಿಂದ ಅಳಿಸಿ ಹೋಗಿ, ಹೊಸದಾಗಿ ತಾನೇ ಹುಟ್ಟಿ ಬರಬೇಕು. ಗಿರಿಯಮ್ಮ ಸಂಜೆ ಮೊಮ್ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಗನಿಗೂ ನಿವಾಳಿಸಬೇಕಿತ್ತು, ಬಾಯಿಗೆ, ಎಂದು ಗೊಣಗಿಕೊಂಡರು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ಹಬ್ಬ ಬರಲಿ ಬಿಡಲಿ, ಎಳ್ಳು ಬೆಲ್ಲ ಸಿದ್ಧವಿರಬೇಕಲ್ಲ. ನಡುಮನೆಯಲ್ಲಿ ಚಾಪೆ ಹಾಸಿ ಶ್ರೀಕಂಠ ಕೊಬ್ಬರಿ ಹೆಚ್ಚಲು ಕೂತ. ಅಣೆಕಟ್ಟಿನ ಗೇಟು ಎತ್ತುವ ಕೈ ಅದು, ಒಂದು ಚೂರು ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಣ್ಣಿಗೇ ಕಾಣದು. ವಾರಿಜಾ ಬೆಲ್ಲ ಹೆಚ್ಚಿದಳು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಸಿಪ್ಪೆ ಊದುವ ಕೆಲಸ ಮಕ್ಕಳದು. ತುಳಸಿ ಮೊರ ಹಿಡಿದು ಹದವಾಗಿ ಊದುತ್ತಿದ್ದಳು. ಕುಮ್ಮಿ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಪ್ರಾಣ ಹೋಗುವ ಹಾಗೆ ಊದಿದರೆ ಸಿಪ್ಪೆಯೆಲ್ಲ ಎದ್ದು ಅಪ್ಪನ ಮೀಸೆಯ ಮೇಲೆ ಕೂರುತ್ತಿತ್ತು. ಅವನು ಸೀನಿದರೆ ಅವಳು ಬಿದ್ದು ಬಿದ್ದು ನಗುವುದು, "ಇನ್ನೊಂದ್ಸಲ ಅಪ್ಪಾ" ಎನ್ನುವುದು. ಕೊನೆಗೆ ಅವನು ಸಿಪ್ಪೆಯೇ ಇಲ್ಲದೆ ಸೀನುವುದನ್ನು ಕಲಿತ. ಜೀರಿಗೆ ಪೆಪ್ಪರಮೆಂಟನ್ನು ಬಣ್ಣ ಬಣ್ಣವಾಗಿ ಬೇರೆ ಮಾಡಲು ಕೂರಿಸಿದರೆ ಕುಮ್ಮಿ ಒಂದೊಂದೇ ಎತ್ತಿ, "ಇದು ಅಪ್ಪಂಗೆ, ಇದೂ ಅಪ್ಪಂಗೆ" ಎಂದು ಅವನ ಬಾಯಿಗೇ ಹಾಕುತ್ತಿದ್ದಳು. ನಮಗೆ ಬೀರಲು ಉಳಿದದ್ದು ಬಿಳಿಯವು ಮಾತ್ರ.

ಇಷ್ಟು ಚೆನ್ನಾಗಿ ದಿನ ಹೋಗುತ್ತಿತ್ತು, ಆದರೆ ವಾರಿಜಾಳಿಗೆ ಸಮಾಧಾನವಿಲ್ಲ. ಹೇಳಿಕೊಡುವಂತಿಲ್ಲ, ಸರಿ. ನೆನಪಾಗುವ ಹಾಗೆ ಮಾಡಬಹುದಲ್ಲ? ಹೊಸ ಲಂಗವನ್ನು ಕುಮ್ಮಿ ಏಳುವಾಗ ಕಣ್ಣಿಗೆ ಬೀಳುವಂತೆ ನೇತುಹಾಕಿದಳು. ಕುಮ್ಮಿ ಎದ್ದು, ಲಂಗದ ಕೆಳಗೆ ನುಸುಳಿ, ಬೆಕ್ಕಿಗೆ ಮನೆ ಕಟ್ಟಿಕೊಟ್ಟಳು. ಎರಡಾಳೆತ್ತರದ ಕಬ್ಬು ತಂದು ಬಾಗಿಲಿಗೆ ಒರಗಿಸಿದರು. "ಅಪ್ಪಾ, ಇದರಲ್ಲಿ ಕುದುರೆ ಮಾಡು" ಎಂದಳು. ಶ್ರೀಕಂಠನೋ, ಮಗಳು ಹೇಳಿದ ಮೇಲೆ ಮುಗಿಯಿತು, ಹೆಂಡತಿ ಬರುವುದರೊಳಗೆ ಕಬ್ಬು ಮುರಿದು ಕುದುರೆ ಮಾಡಿ ಇಡೀ ಬೀದಿ ಸುತ್ತಿಸಿಕೊಂಡು ಬಂದ. ಹಬ್ಬದ ದಿನ ಹಾಕುವಂಥ ದೊಡ್ಡ ರಂಗೋಲಿಯನ್ನು ದಿನವೂ ಹಾಕಿ ಗಿರಿಯಮ್ಮನ ಸೊಂಟ ಹಿಡಿದುಕೊಂಡಿತು.

ಬೆಳಿಗ್ಗೆ ಕುಮ್ಮಿ ಏಳುವ ಹೊತ್ತಿಗೆ ಅವರ ಮನೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ. ನಾಲ್ಕನೆಯ ದಿನ ಅವಳು ಹಾಸಿಗೆಯಲ್ಲಿ ಎದ್ದು ಕೂತು, "ಅಮ್ಮಾ, ಇವತ್ತು..." ಎಂದಳು. ವಾರಿಜಾ ಪೊರಕೆ ಹಿಡಿದವಳು ಹಾಗೇ ನಿಂತಳು. ಗಿರಿಯಮ್ಮ ರಂಗೋಲಿ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ಇವತ್ತು ಕನಸಲ್ಲಿ ನಾಯಿ ಬಂದಿತ್ತು" ಎಂದಳು ಕುಮ್ಮಿ. ಐದನೆಯ ದಿನ ಊಟದ ಹೊತ್ತಿಗೆ, "ಅಪ್ಪಾ, ಹ..." ಎಂದು ಬೆರಳೆತ್ತಿದಳು. ಎಲ್ಲರೂ ತಟ್ಟೆಯಿಂದ ಕೈ ತೆಗೆದರು. "ಹೇಳು ಮರೀ, ಹೇಳು" ಎಂದ ಶ್ರೀಕಂಠ. "ಹಲ್ಲಿ!" ಎಂದಳು. ಗೋಡೆಯ ಮೇಲೆ ನಿಜಕ್ಕೂ ಹಲ್ಲಿ ಇತ್ತು.

ಗಿರಿಯಮ್ಮ ಮಾತ್ರ ದಿನಾ ಒಂದು ಸೇರು ಸಕ್ಕರೆ ಪಾಕಕ್ಕಿಟ್ಟು ಪರೀಕ್ಷೆ ಮಾಡುವುದನ್ನು ಬಿಡಲಿಲ್ಲ. ಮಗು ನಿದ್ದೆಯಲ್ಲಿ ಹೇಳಿರಬಹುದು, ಹಿತ್ತಲಲ್ಲಿ ಬೆಕ್ಕಿಗೆ ಹೇಳಿರಬಹುದು, ನಮಗೆ ಹೇಗೆ ಗೊತ್ತಾಗಬೇಕು ಎಂದು ಅವರ ವಾದ. ಕಟ್ಟದ ಪಾಕಕ್ಕೆ ನಿಂಬೆಹಣ್ಣು ಹಿಂಡಿ ಎಲ್ಲರಿಗೂ ಪಾನಕ ಮಾಡಿ ಕೊಡುತ್ತಿದ್ದರು. ಆರು ದಿನದಲ್ಲಿ ನನ್ನ ಯಜಮಾನರಿಗೆ ಪಾನಕವೆಂದರೆ ಓಡಿಹೋಗುವ ಹಾಗಾಯಿತು.

ಇನ್ನು ವಾರಿಜಾ. ಅವಳನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಬೈಯಬೇಕು ಎಂದೂ ಅನ್ನಿಸುತ್ತಿತ್ತು. ವರ್ಷವಿಡೀ ಗಂಡ ಬರಲಿ ಬರಲಿ ಎಂದು ದಾರಿ ನೋಡಿದವಳು, ಬಂದ ಗಂಡನ ಜೊತೆ ನಾಲ್ಕು ಮಾತು ಆಡುವುದಕ್ಕೆ ಪುರುಸೊತ್ತಿಲ್ಲ. ಅವನು ಕೆರೆ ಕಡೆ ಹೋಗೋಣ ಎಂದರೆ, "ಬೇಡ ರೀ, ಅಲ್ಲಿ ಬಾತುಕೋಳಿ ನೋಡಿದ್ರೆ ಅವಳ ತಲೇಲಿ ಎರಡು ದಿನ ಬಾತುಕೋಳಿನೇ ಇರುತ್ತೆ." ಸಿನಿಮಾಕ್ಕೆ ಹೋಗೋಣ ಎಂದರೆ, "ನಿಮಗೆ ಹೊತ್ತು ಗೊತ್ತು ಇಲ್ವಾ?" ಪಾಪದವನು, ಮೂಲೆಯಲ್ಲಿ ಕೂತು ಇನ್ನಷ್ಟು ಕೊಬ್ಬರಿ ಹೆಚ್ಚಿದ.

"ಅಲ್ವೇ, ಹಬ್ಬಕ್ಕೆ ಗಂಡ ಬೇಕೋ, ಗಂಡಂಗೆ ಹಬ್ಬ ಬೇಕೋ?" ಎಂದು ಒಂದು ದಿನ ಮಕ್ಕಳು ಹತ್ತಿರ ಇಲ್ಲದಾಗ ಕೇಳಿಯೇಬಿಟ್ಟೆ.

"ನಿಮಗೇನು ಅಕ್ಕಾ, ನಿಮ್ಮೆಜಮಾನ್ರು ಮೂರು ಹೊತ್ತೂ ನಿಮ್ಮ ಕಣ್ಣೆದುರಿಗೇ ಇರ್ತಾರೆ," ಎಂದಳು.

"ಬೇಕಾದ್ರೆ ಒಂದು ವಾರ ತಗೊಂಡು ಹೋಗು," ಎಂದೆ. ನಗಲಿಲ್ಲ. ಅವಳ ಕಣ್ಣು ತುಂಬಿದ್ದು ನೋಡಿ ನಾನು ಎದ್ದು ಅವಳಿಗೊಂದು ಲೋಟ ಕಾಫಿ ತಂದುಕೊಟ್ಟೆ.

ಏಳನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತು, ವಾರಿಜಾ ನನ್ನ ಅಚ್ಚುಗಳನ್ನು ವಾಪಸು ಕೊಡಲು ಬಂದಳು. ತುಳಸಿಯೂ ಹಿಂದೆಯೇ ಬಂದಿದ್ದಳು. ನಾಳೆ ಹತ್ತೂವರೆಯ ಬಸ್ಸಿಗೆ ಶ್ರೀಕಂಠ ಹೊರಡಬೇಕು. "ಇಟ್ಕೊಳ್ಳಿ ಅಕ್ಕಾ, ಇನ್ನು ಬೇಡ," ಎಂದು ಅಚ್ಚಿನ ಗಂಟನ್ನು ಕಟ್ಟೆಯ ಮೇಲೆ ಇಟ್ಟಳು. "ಈ ಮಗುಗೆ ಏನಾಗಿದೆಯೋ ಕಾಣೆ. ಇವರು ಅವತ್ತು ಆ ಪದ ಆಡಿದ್ದೇ ತಪ್ಪಾಯ್ತು. ಇನ್ನು ಎರಡು ದಿನಕ್ಕೋ ಮೂರು ದಿನಕ್ಕೋ ಹೇಳ್ತಾಳೆ, ನೋಡ್ತಿರಿ."

"ಹೇಳಲ್ಲಮ್ಮ ಅವಳು," ಎಂದಳು ತುಳಸಿ. ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದಳು.

"ಯಾಕೆ? ನಿಂಗೇನೇ ಗೊತ್ತು?"

"ಹೇಳಿದ್ರೆ ಅದು ಬರುತ್ತಂತೆ. ಅದು ಮುಗಿದ್ರೆ ಅಪ್ಪ ಹೋಗ್ತಾರಂತೆ. ಅಪ್ಪನೇ ಅಜ್ಜಿ ಹತ್ರ ಹೇಳಿದ್ರಲ್ಲ. ಅದಕ್ಕೇ ಹೇಳೋದೇ ಇಲ್ಲ ಅಂದ್ಲು. ರಗ್ಗೊಳಗೆ ಹೇಳಿದ್ಲು. ಯಾರ್ಗೂ ಹೇಳ್ಬೇಡ ಅಂತ ಆಣೆ ಇಡಿಸ್ಕೊಂಡಿದ್ಲು."

"ಮತ್ತೆ ಈಗ ಯಾಕೇ ಹೇಳ್ದೆ?"

"ನಾಳೆ ಅಪ್ಪ ಹೋಗ್ಬಿಡ್ತಾರಲ್ಲಮ್ಮ," ಎಂದು ತುಳಸಿ ಅಳಲು ಶುರುಮಾಡಿದಳು.

ನೋಡಿ, ನಾವು ನಾಲ್ಕು ಜನ ದೊಡ್ಡವರು ಆ ಮಾತಿನ ಮೊದಲನೆಯ ಪದಕ್ಕೆ ಹೆದರಿ ಉಪ್ಪು ಮೆಣಸಿನಕಾಯಿ ಸುಟ್ಟೆವು. ಮೂರೂವರೆ ವರ್ಷದ ಕುಮ್ಮಿ ಆ ಮಾತಿನ ಕೊನೆಯ ಪದಕ್ಕೆ ಹೆದರಿದ್ದಳು. ಅವಳಿಗೆ ಏಳು ದಿನದಿಂದಲೂ ಎಲ್ಲ ಗೊತ್ತಿತ್ತು. ಲಂಗ ಯಾಕೆ ನೇತಾಡುತ್ತಿದೆ, ಕಬ್ಬು ಯಾಕೆ ಬಂತು, ಅಮ್ಮ ಬೆಳಿಗ್ಗೆ ಬಾಯಿ ತೆರೆದುಕೊಂಡು ತನ್ನ ಮುಖ ಯಾಕೆ ನೋಡುತ್ತಾಳೆ, ಎಲ್ಲ. ಗೊತ್ತಿದ್ದೇ ಬೆಕ್ಕಿಗೆ ಮನೆ ಕಟ್ಟಿದ್ದಳು, ಗೊತ್ತಿದ್ದೇ ಹಲ್ಲಿ ತೋರಿಸಿದ್ದಳು. ನನಗೆ ಎಷ್ಟು ನಗು ಬಂತೆಂದರೆ ಗೋಡೆ ಹಿಡಿದುಕೊಂಡೆ. ವಾರಿಜಾಳೂ ನಕ್ಕಳು. ನಗುತ್ತ ನಗುತ್ತಲೇ ನನ್ನ ಅಡುಗೆಮನೆಯ ನೆಲದ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ನಾನು ಏಳು ದಿನ ಅವಳ ಬಾಯಿ ಕಾಯ್ತಾ ಕೂತೆ ಅಕ್ಕಾ. ಅವಳು ಅವಳಪ್ಪನ್ನ ಕಾಯ್ತಾ ಇದ್ಲು. ಅವಳಿಗಿದ್ದ ಬುದ್ಧಿ ನಂಗಿಲ್ಲದೆ ಹೋಯ್ತು."

ಮನೆಗೆ ಹೋಗಿ ಕುಮ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇದನ್ನು ಅವಳೇ ನನಗೆ ಆಮೇಲೆ ಹೇಳಿದ್ದು. "ಅಪ್ಪಂಗೆ ರಜೆ ಅಷ್ಟೇ ಇರೋದು ಕಂದಾ. ನೀನು ಹೇಳಿದ್ರೂ ಹೋಗ್ತಾರೆ, ಹೇಳ್ದೇ ಇದ್ರೂ ಹೋಗ್ತಾರೆ." ಕುಮ್ಮಿ ಅಮ್ಮನ ಕೈ ಕೊಡವಿ ಎದ್ದು ನಿಂತಳು. "ಹೋಗಲ್ಲ," ಎಂದಳು. "ಅದು ಇನ್ನೂ ಬಂದೇ ಇಲ್ವಲ್ಲ." ನೀವು ಏನಾದರೂ ಹೇಳಿಕೊಳ್ಳಿ, ಅಪ್ಪ ಕೊಟ್ಟ ಮಾತು ಅವಳಿಗೆ ದೊಡ್ಡದು. ಶ್ರೀಕಂಠ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು ಹಿತ್ತಲಿಗೆ ಹೋಗಿ ಸೌದೆ ಒಡೆಯತೊಡಗಿದನಂತೆ.

ಬೆಳಿಗ್ಗೆ ಹತ್ತು ಗಂಟೆಗೆ ನಾವೆಲ್ಲ ಬಸ್ ನಿಲ್ದಾಣಕ್ಕೆ ಹೊರಟೆವು. ದೂರವೇನಿಲ್ಲ, ನಮ್ಮ ಬೀದಿಯ ಕೊನೆಗೇ. ಗಿರಿಯಮ್ಮ ಬರಲಿಲ್ಲ. ಅವರು ಮಗನನ್ನು ಹೊಸ್ತಿಲಿನವರೆಗೆ ಮಾತ್ರ ಕಳಿಸುವುದು. ಅವನು ಬೆನ್ನು ತಿರುಗಿಸಿದ ಮೇಲೆ ಕೈ ಕಟ್ಟಿ ಕೂರಲಾಗದೆ ಎಂದಿನಂತೆ ಒಲೆಯ ಮೇಲೆ ಪಾಕಕ್ಕಿಟ್ಟರು. ದಾರಿಯುದ್ದಕ್ಕೂ ಕುಮ್ಮಿ ಅಪ್ಪನ ಕಿರುಬೆರಳು ಹಿಡಿದು ಹಾಡಿಕೊಂಡು ಬಂದಳು. ಅಪ್ಪ ಹೋಗುವುದಿಲ್ಲ ಎಂದು ಅವಳಿಗೆ ಅಷ್ಟು ನಂಬಿಕೆ. ಅದನ್ನು ನೋಡಲಾರದೆ ವಾರಿಜಾ ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿದ್ದಳು.

ಬಸ್ಸು ಬಂತು. ಶ್ರೀಕಂಠ ಮಗಳ ಕೆನ್ನೆ ಹಿಂಡಿ, ಹೆಂಡತಿಯ ಕಡೆ ನೋಡಿ "ಬರ್ತೀನಿ" ಎಂದು, ಚೀಲ ಒಳಗೆಸೆದು ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಕುಮ್ಮಿಯ ಹಾಡು ನಿಂತಿತು. ಕಂಡಕ್ಟರ್ ದ್ಯಾವಪ್ಪ, ಈ ಕಾಲದಲ್ಲಿ ಪ್ರತಿ ಸಲವೂ ಕೇಳುವಂತೆ, ಸೀಟಿ ಊದುವ ಮೊದಲು ಜೋರಾಗಿ ಕೂಗಿದ. "ಇವತ್ತು ಅದು ಬಂದಿರೋ ಮನೆಯವ್ರು ಯಾರೂ ಹತ್ತಿಲ್ಲ ತಾನೇ? ಇದ್ರೆ ಇಳೀರಪ್ಪಾ, ಅವತ್ತಿನ ದಿನ ಊರು ಬಿಡೋ ಹಾಗಿಲ್ಲ, ನಾಳೆ ಬನ್ನಿ!"

ಕುಮ್ಮಿ ದ್ಯಾವಪ್ಪನ ಮುಖ ನೋಡಿದಳು. ಮೆಟ್ಟಿಲ ಮೇಲಿದ್ದ ಅಪ್ಪನ ಕಾಲು ನೋಡಿದಳು. ಆಮೇಲೆ, ಸಿಪ್ಪೆ ಊದುವಾಗಿನ ಹಾಗೆ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿಕೊಂಡು, ನಿಲ್ದಾಣದ ಪಾರಿವಾಳಗಳೆಲ್ಲ ಹಾರುವಂತೆ ಕಿರುಚಿದಳು. "ಹಬ್ಬ! ನಮ್ಮನೇಲಿ ಇವತ್ತು ಹಬ್ಬ! ಅಪ್ಪಾ, ಇಳಿ!"

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ವಾರಿಜಾ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆಯೊಂದು ಒಡೆಯಿತು. ದ್ಯಾವಪ್ಪ ತಲೆ ಕೆರೆದುಕೊಂಡ. "ಇದು ಆಗಲ್ಲ ಅನ್ಸುತ್ತೆ ಕಣಮ್ಮ. ಅಪ್ಪನ್ನ ಇಳಿಸ್ಬೇಕು ಅಂತ ಹೇಳಿದ್ದು ಇದು. ತಾನಾಗಿ ಬಂದಿದ್ದಲ್ಲ." ಹಿಂದಿನ ಸೀಟಿನ ಮುದುಕರೊಬ್ಬರು ಹೌದೆಂದರು, ಮುಂದಿನ ಸೀಟಿನ ಹೆಂಗಸು ಅಲ್ಲವೆಂದಳು. ಅಪ್ಪ ಬೇಕು ಅನ್ನುವುದು ತಾನಾಗಿ ಬಂದದ್ದಲ್ಲವೇ, ಅದನ್ನು ಯಾರು ಹೇಳಿಕೊಟ್ಟರು ಎಂದು ಜಗಳಕ್ಕೇ ನಿಂತಳು. ಡ್ರೈವರು ಹಾರನ್ನು ಒತ್ತಿದ. ಶ್ರೀಕಂಠ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಯಾರ ಮುಖವನ್ನೂ ನೋಡಲಾರದೆ ನಿಂತಿದ್ದ.

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಗಿರಿಯಮ್ಮ ಬಂದರು. ಬಂದರು ಎಂದರೆ ನೀವು ನಂಬಬೇಕು, ಓಡಿಬಂದರು. ಸೊಂಟ ನೋವು ಎಂದು ಕೊಡ ಎತ್ತದ ಹೆಂಗಸು, ಸೆರಗು ಎಲ್ಲೋ ಹಾರುತ್ತಿದೆ, ಎರಡೂ ಕೈಯಲ್ಲಿ ಬಾಣಲೆ. "ಕಟ್ತು ಕಣೋ! ಕಟ್ಬಿಡ್ತು! ಸೌಟು ತೆಗೆಯೋಕೂ ಬಿಡ್ಲಿಲ್ಲ!" ಬಸ್ಸಿನ ಮುಂದೆ ನಿಂತು ಬಾಣಲೆಯನ್ನು ತಲೆಕೆಳಗು ಮಾಡಿ ಹಿಡಿದರು. ಸಕ್ಕರೆ ಅಲುಗಲಿಲ್ಲ. ಬೆಳ್ಳಗೆ ಕಲ್ಲಾಗಿ ಕೂತಿದ್ದ ಪಾಕದ ನಡುವೆ ಸೌಟು ನೆಟ್ಟಗೆ ನಿಂತಿತ್ತು, ಬೀಳಲಿಲ್ಲ. ದ್ಯಾವಪ್ಪ ಬೆರಳಲ್ಲಿ ತಟ್ಟಿ ನೋಡಿದ. ಆಮೇಲೆ ಶ್ರೀಕಂಠನ ಚೀಲ ಎತ್ತಿ ಹೊರಗೆ ಕೊಟ್ಟ. "ನಾಳೆ ಬನ್ನಿ ಸ್ವಾಮಿ," ಎಂದ.

ಅಣೆಕಟ್ಟಿನ ಸಾಹೇಬರಿಗೆ ನಿಲ್ದಾಣದ ಅಂಗಡಿಯಿಂದಲೇ ಫೋನು ಮಾಡಬೇಕಾಯಿತು. ಅವರು ಪರವೂರಿನವರು, ಅವರಿಗೆ ಇದನ್ನು ಹೇಗೆ ಹೇಳುವುದು? ಶ್ರೀಕಂಠ ಬೆವರುತ್ತ, "ಸಾರ್, ಒಂದು ದಿನ ತಡ ಆಗುತ್ತೆ ಸಾರ್. ನನ್ನ ಮಗಳು ಹಬ್ಬ ಅಂದ್ಬಿಟ್ಳು ಸಾರ್," ಎಂದ. ಆ ಕಡೆಯಿಂದ ಸಾಹೇಬರು, "ಎಷ್ಟು ವಯಸ್ಸು ನಿಮ್ಮ ಮಗಳಿಗೆ?" ಎಂದು ಕೇಳಿದರಂತೆ. "ಮೂರೂವರೆ ಸಾರ್." "ನನ್ನವಳಿಗೆ ನಾಲ್ಕು," ಎಂದರಂತೆ ಸಾಹೇಬರು. "ಒಂದೇ ದಿನ. ನಾಳೆ ಹೊರಡಿ."

ಆ ದಿನ ಆದ ಗಡಿಬಿಡಿಯನ್ನು ನೀವು ನೋಡಬೇಕಿತ್ತು. ಹನ್ನೊಂದು ಗಂಟೆಗೆ ಎಣ್ಣೆ ನೀರು. ಒಂದು ಗಂಟೆಗೆ ಹಾಲು ಉಕ್ಕಿತು. ಹುಗ್ಗಿಗೆ ಗೋಡಂಬಿ ಇರಲಿಲ್ಲ, ಅದನ್ನೂ ಕುಮ್ಮಿ ಅಪ್ಪನಿಗೆ ತಿನ್ನಿಸಿ ಮುಗಿಸಿದ್ದಳು. ನಮ್ಮ ಮನೆಯಲ್ಲೂ ಸಕ್ಕರೆ ಕಟ್ಟಿತು, ನನಗೆ ಒಂಬತ್ತು ಗಿಳಿ ಬಂದವು, ಎರಡಕ್ಕೆ ಮಾತ್ರ ಬಾಲವಿತ್ತು. ಸಂಜೆ ಕುಮ್ಮಿಯನ್ನು ಅಪ್ಪನ ತೊಡೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಎಳ್ಳು ಬೆಲ್ಲ ಎಲ್ಲ ಬೆರೆಸಿ ಸೇರಿನಲ್ಲಿ ತುಂಬಿ ತಲೆಯ ಮೇಲೆ ಎರೆದೆವು. ಅರ್ಧ ಅವಳ ತಲೆಗೆ, ಅರ್ಧ ಅವನ ಬೋಳು ತಲೆಗೆ. ಬೀದಿಯ ಮಕ್ಕಳು ಆರಿಸಿಕೊಳ್ಳಲು ಮುಗಿಬಿದ್ದು ಅವನ ಜುಬ್ಬದ ಜೇಬಿಗೂ ಕೈ ಹಾಕಿದರು. ವಾರಿಜಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿದ್ದ ಸಂತೋಷ ನೋಡುತ್ತ ನಾನು ಆರತಿ ಹಾಡನ್ನೇ ಮರೆತೆ, ನಿಜವಾಗಿ ಹೇಳುತ್ತೇನೆ. ನನ್ನ ಯಜಮಾನರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಂಡು, "ಪಾನಕಕ್ಕಿಂತ ವಾಸಿ," ಎಂದರು.

ಮರುದಿನ ಅದೇ ಹತ್ತೂವರೆಯ ಬಸ್ಸು. ಈ ಸಲ ಗಿರಿಯಮ್ಮನೂ ಬಂದಿದ್ದರು. ಶ್ರೀಕಂಠನ ಕೈಯಲ್ಲಿ ಅಚ್ಚಿನ ಡಬ್ಬಿ ಇತ್ತು, ಒಂದೂ ಮುರಿಯದ ಅಚ್ಚುಗಳು. ಕುಮ್ಮಿ ಅಮ್ಮನ ಸೊಂಟದ ಮೇಲಿದ್ದಳು. ಶ್ರೀಕಂಠ ಹತ್ತಿ ಕಿಟಕಿಯ ಪಕ್ಕ ಕೂತ. ದ್ಯಾವಪ್ಪ ಬಾಗಿಲಲ್ಲಿ ನಿಂತು ಎಂದಿನ ಪ್ರಶ್ನೆ ಕೇಳಬೇಕು, ಕೇಳಲು ಅವನಿಗೇ ಧೈರ್ಯ ಸಾಲದು. ಕುಮ್ಮಿಯ ಕಡೆ ಒಂದು ಕಣ್ಣಿಟ್ಟುಕೊಂಡೇ ಮೆಲ್ಲಗೆ ಕೇಳಿದ. ಒಂದು ಮಗು ಎರಡು ದಿನ ಹೇಳಿದರೆ ಏನಾಗುತ್ತದೆ ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ, ಯಾವ ಮಗುವೂ ಹೇಳಿ ನೋಡಿಲ್ಲ. ಇಡೀ ಬಸ್ಸು ಅವಳ ಬಾಯನ್ನೇ ನೋಡಿತು.

ಕುಮ್ಮಿ ತುಂಬ ಹೊತ್ತು ಯೋಚನೆ ಮಾಡಿದಳು. ಅಪ್ಪನನ್ನು ನೋಡಿದಳು. ಅಪ್ಪ ನಕ್ಕ, ಆ ನಗು ನೆಟ್ಟಗೆ ನಿಲ್ಲಲಿಲ್ಲ. ಅವಳು ಕೈ ಆಡಿಸಿದಳು. "ಇಲ್ಲ," ಎಂದಳು ದ್ಯಾವಪ್ಪನಿಗೆ. "ನಮ್ಮನೇಲಿ ನಿನ್ನೆ ಆಯ್ತು."

ದ್ಯಾವಪ್ಪ ಸೀಟಿ ಬಾಯಿಗಿಟ್ಟ. ಆಗ, "ಹಬ್ಬ! ಇವತ್ತೂ ಹಬ್ಬ ಕಣ್ರೀ!" ಎಂದು ಯಾರೋ ಕೂಗಿದರು. ತಿರುಗಿ ನೋಡಿದರೆ ವಾರಿಜಾ. ಮೂವತ್ತೆರಡು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಪಕ್ಕದಲ್ಲೇ ಅತ್ತೆ ನಿಂತಿದ್ದಾರೆ, ಬಸ್ಸಿನ ತುಂಬ ಜನ, ಯಾವುದರ ಮೇಲೂ ಗಮನವಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಯಾರೂ ನಗಲಿಲ್ಲ. ದ್ಯಾವಪ್ಪ ಸೀಟಿಯನ್ನು ಬಾಯಿಂದ ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ನಿಂತ, ಆಮೇಲೆ ಊದಿದ. ಬಸ್ಸು ಹೊರಟಿತು.

ಕುಮ್ಮಿ ಅಮ್ಮನ ಬಾಯಿಯ ಮೇಲೆ ಕೈ ಇಟ್ಟಳು. "ನೀನು ಹೇಳಿದ್ರೆ ಬರಲ್ಲ ಕಣಮ್ಮ."

"ಗೊತ್ತು ಮರೀ," ಎಂದಳು ವಾರಿಜಾ. "ಸುಮ್ನೆ ಹೇಳಿ ನೋಡ್ದೆ."